‘ಮತ್ತೆ ಮೊದಲಿಂದ ಶುರು ಮಾಡೋಣ’: ‘ಹ್ಯಾಪಿ ಟುಗೆದರ್’ ಚಿತ್ರದ ಒಳಗೆ ಹೋಗಲು ಒಂದು ದಾರಿ

ಮೊದಲ ಸಲ ‘ಹ್ಯಾಪಿ ಟುಗೆದರ್’ ನೋಡಿ ಮುಗಿಸಿದಾಗ ಕಥೆ ಅಂತ ನನ್ನ ಕೈಗೆ ಹೆಚ್ಚೇನೂ ಸಿಕ್ಕಿರಲಿಲ್ಲ. ಇಬ್ಬರು ಗಂಡಸರು ಪ್ರೀತಿಸುತ್ತಾರೆ, ಜಗಳ ಆಡುತ್ತಾರೆ, ಬೇರೆಯಾಗುತ್ತಾರೆ, ಮತ್ತೆ ಸೇರುತ್ತಾರೆ, ಮತ್ತೆ ಜಗಳ. ಚಿತ್ರ ಕಪ್ಪು ಬಿಳುಪಿನಲ್ಲಿ ಓಡುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಬಣ್ಣ ಬರುತ್ತದೆ. ನಡುವೆ ಒಂದು ಜಲಪಾತ ಸುಮ್ನೆ ಸುರಿಯುತ್ತಾ ಇರುತ್ತದೆ. ಆದರೂ ಮುಗಿದ ಮೇಲೆ ಎದೆ ಭಾರವಾಗಿತ್ತು. ಯಾಕೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮತ್ತೆ ಮತ್ತೆ ನೋಡಿದ ಮೇಲೆ ಒಂದು ವಿಷಯ ಹೊಳೆಯಿತು. ಇದರಲ್ಲಿ ಒಂದೇ ಒಂದು ಮಾತನ್ನು ಹಿಡಿದುಕೊಂಡರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಮಾತು ಚಿತ್ರದ ಶುರುವಿನಲ್ಲೇ ಬರುತ್ತದೆ: ‘ಮತ್ತೆ ಮೊದಲಿಂದ ಶುರು ಮಾಡೋಣ.’ ಹೇಳುವವನು ಹೋ ಪೋ-ವಿಂಗ್. ಪ್ರತಿ ಸಲ ಕೇಳಿ ಕರಗುವವನು ಲಾಯ್ ಯಿಯು-ಫಾಯ್. ತಮ್ಮ ಊರಾದ ಹಾಂಗ್‌ಕಾಂಗ್ ಬಿಟ್ಟು ಅವರಿಬ್ಬರೂ ಅರ್ಜೆಂಟೀನಾಕ್ಕೆ ಬಂದದ್ದೂ ಅದೇ ಮಾತಿನಿಂದ. ಮೊದಲಿಂದ ಶುರು ಮಾಡಬೇಕು ಅಂದರೆ ಹಳೆಯದು ಯಾವುದೂ ಕಣ್ಣಿಗೆ ಬೀಳದಷ್ಟು ದೂರ ಹೋಗಬೇಕು ಅಂತ ಅವರ ಲೆಕ್ಕ.

ಆ ಲೆಕ್ಕ ಎಷ್ಟು ದೂರದ್ದು ಅಂದರೆ, ಹಾಂಗ್‌ಕಾಂಗ್‌ನಿಂದ ಭೂಮಿಗೆ ನೇರವಾಗಿ ರಂಧ್ರ ಕೊರೆದರೆ ಆ ಕಡೆ ತೆರೆಯುವುದು ಹೆಚ್ಚುಕಡಿಮೆ ಅರ್ಜೆಂಟೀನಾದ ಉತ್ತರದ ತುದಿಯಲ್ಲಿ. ಎರಡೂ ಊರುಗಳ ನಡುವೆ 11 ಗಂಟೆಗಳ ವ್ಯತ್ಯಾಸ. ಇಲ್ಲಿ ಬೆಳಗಾದರೆ ಅಲ್ಲಿ ರಾತ್ರಿ. ಚಿತ್ರದಲ್ಲಿ ಒಂದು ಕಡೆ ಫಾಯ್ ಹಾಸಿಗೆಯಲ್ಲಿ ಬಿದ್ದುಕೊಂಡು, ಭೂಮಿಯ ಆ ಬದಿಯಲ್ಲಿ ಹಾಂಗ್‌ಕಾಂಗ್ ಈಗ ಹೇಗಿರಬಹುದು ಅಂತ ಯೋಚಿಸುತ್ತಾನೆ. ತಕ್ಷಣ ಪರದೆ ಮೇಲೆ ಹಾಂಗ್‌ಕಾಂಗ್ ಬರುತ್ತದೆ, ತಲೆಕೆಳಗಾಗಿ. ರಸ್ತೆಗಳು, ಕಟ್ಟಡಗಳು, ಎಲ್ಲವೂ ಉಲ್ಟಾ. ಯಾರೂ ಏನೂ ವಿವರಿಸುವುದಿಲ್ಲ. ಮನೆ ಬಿಟ್ಟು ಬಂದವನಿಗೆ ಮನೆ ಹೇಗೆ ಕಾಣುತ್ತದೆ ಅನ್ನುವುದನ್ನು ಇದಕ್ಕಿಂತ ಸರಳವಾಗಿ ತೋರಿಸಿದ ಇನ್ನೊಂದು ಶಾಟ್ ನನಗೆ ನೆನಪಿಲ್ಲ.

ಚಿತ್ರ ಯಾರದು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ನಿರ್ದೇಶಕ ವಾಂಗ್ ಕಾರ್-ವಾಯ್. ಶಾಂಘೈನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಹಾಂಗ್‌ಕಾಂಗ್‌ಗೆ ಬಂದವರು. ಫಾಯ್ ಆಗಿ ಟೋನಿ ಲಿಯುಂಗ್, ಪೋ-ವಿಂಗ್ ಆಗಿ ಲೆಸ್ಲಿ ಚ್ಯುಂಗ್. ಇಬ್ಬರೂ ಆಗಲೇ ಹಾಂಗ್‌ಕಾಂಗ್‌ನ ದೊಡ್ಡ ತಾರೆಗಳು. ಕ್ಯಾಮೆರಾ ಕ್ರಿಸ್ಟೋಫರ್ ಡಾಯ್ಲ್ ಅವರದು. 1997ರ ಕಾನ್ ಚಿತ್ರೋತ್ಸವದಲ್ಲಿ ವಾಂಗ್ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಹಾಂಗ್‌ಕಾಂಗ್‌ನವರೊಬ್ಬರಿಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಇಲ್ಲಿಂದ ಮುಂದೆ ಕಥೆಯನ್ನು ಪೂರ್ತಿ ಹೇಳಬೇಕಾಗುತ್ತದೆ. ಈ ಚಿತ್ರದಲ್ಲಿ ಕಥೆ ಗೊತ್ತಾದರೆ ನಷ್ಟ ಏನೂ ಇಲ್ಲ ಅಂತ ನನ್ನ ನಂಬಿಕೆ.

ಇಬ್ಬರೂ ಅರ್ಜೆಂಟೀನಾಕ್ಕೆ ಬಂದ ಮೇಲೆ ಪೋ-ವಿಂಗ್ ಒಂದು ಟೇಬಲ್ ಲ್ಯಾಂಪ್ ಕೊಳ್ಳುತ್ತಾನೆ. ಅದರ ಮೇಲೆ ಇಗುವಾಸು ಜಲಪಾತದ ಚಿತ್ರ. ದೀಪ ಹಚ್ಚಿದರೆ ನೀರು ಸುರಿಯುತ್ತಿರುವ ಹಾಗೆ ಕಾಣುತ್ತದೆ. ತೀರಾ ಸಾಧಾರಣ ವಸ್ತು. ಆದರೆ ಅದನ್ನು ನೋಡಿಯೇ, ಆ ಜಲಪಾತಕ್ಕೆ ಹೋಗಿ ಬರೋಣ, ಆಮೇಲೆ ಊರಿಗೆ ಮರಳೋಣ ಅಂತ ಇಬ್ಬರೂ ನಿರ್ಧರಿಸುತ್ತಾರೆ. ಇಗುವಾಸು ಇರುವುದು ಅರ್ಜೆಂಟೀನಾ ಮತ್ತು ಬ್ರೆಜಿಲ್ ಗಡಿಯಲ್ಲಿ, ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಹಳೆಯ ಕಾರಿನಲ್ಲಿ ಹೊರಟವರು ದಾರಿ ತಪ್ಪುತ್ತಾರೆ. ಬಟಾಬಯಲಿನ ರಸ್ತೆ ಪಕ್ಕದಲ್ಲೇ ಸಂಬಂಧ ಮುರಿದುಬೀಳುತ್ತದೆ. ಬೋರು ಹೊಡೆಯುತ್ತಿದೆ, ಸ್ವಲ್ಪ ದಿನ ಬೇರೆ ಇರೋಣ ಅನ್ನುತ್ತಾನೆ ಪೋ-ವಿಂಗ್. ಮುಂದೆ ಯಾವತ್ತಾದರೂ ಮತ್ತೆ ಮೊದಲಿಂದ ಶುರು ಮಾಡಬಹುದಲ್ಲ ಅನ್ನುವುದು ಅವನ ಧಾಟಿ.

ಜಲಪಾತವನ್ನು ಅವರು ನೋಡಲಿಲ್ಲ. ಆದರೆ ನಮಗೆ ಚಿತ್ರ ಅದನ್ನು ಆಗಲೇ ತೋರಿಸಿಬಿಡುತ್ತದೆ. ಅಲ್ಲಿಯವರೆಗೆ ಕಪ್ಪು ಬಿಳುಪು. ತಟ್ಟನೆ ನೀಲಿ ಹಸಿರು ಬಣ್ಣದಲ್ಲಿ, ಮೇಲಿನಿಂದ ನೋಡಿದ ಹಾಗೆ, ಇಗುವಾಸು. ಹಿನ್ನೆಲೆಯಲ್ಲಿ ಬ್ರೆಜಿಲ್‌ನ ಗಾಯಕ ಕಾಯೆತಾನೊ ವೆಲೋಸೊ ಅವರ ದನಿ. ಬಹಳ ಹೊತ್ತು ಕ್ಯಾಮೆರಾ ಆ ನೀರಿನ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತದೆ. ಮನುಷ್ಯರು ಯಾರೂ ಇಲ್ಲ. ಅವರು ಎಲ್ಲಿಗೆ ಹೋಗಬೇಕಿತ್ತೋ ಅದನ್ನು ನಮಗೆ ಮೊದಲೇ ಕೊಟ್ಟು, ಅವರಿಗೆ ಕೊನೆವರೆಗೂ ಕೊಡದೆ ಇಡುವುದು ಈ ಚಿತ್ರದ ದೊಡ್ಡ ತಂತ್ರ. ಮುಂದೆ ಕೋಣೆಯಲ್ಲಿ ಆ ಲ್ಯಾಂಪ್ ಕಂಡಾಗಲೆಲ್ಲ ನಮಗೆ ನಿಜವಾದ ನೀರು ನೆನಪಾಗುತ್ತದೆ.

ಬಣ್ಣದ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಅನೇಕರು ಗೊಂದಲ ಆಗುವುದು ಇಲ್ಲೇ. ಬೇರೆಯಾದ ಮೇಲೆ ಫಾಯ್ ಬ್ಯೂನಸ್ ಐರಿಸ್‌ನ ಒಂದು ಟ್ಯಾಂಗೋ ನೃತ್ಯದ ಬಾರಿನ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಸ್ವಾಗತಿಸುವ ಕೆಲಸ ಮಾಡುತ್ತಾನೆ. ಊರಿಗೆ ಹೋಗಲು ದುಡ್ಡಿಲ್ಲ. ಪೋ-ವಿಂಗ್ ಬೇರೆ ಗಂಡಸರ ಜೊತೆ ಅದೇ ಬಾರಿಗೆ ಬರುತ್ತಾನೆ, ನಗುತ್ತಾ ಕಾರು ಹತ್ತಿ ಹೋಗುತ್ತಾನೆ. ಫಾಯ್ ಚಳಿಯಲ್ಲಿ ನಿಂತು ನೋಡುತ್ತಾನೆ. ಇದೆಲ್ಲ ಕಪ್ಪು ಬಿಳುಪು. ಆಮೇಲೆ ಒಂದು ದಿನ ಪೋ-ವಿಂಗ್ ಪೆಟ್ಟು ತಿಂದು, ಎರಡೂ ಕೈ ರಕ್ತ ಮಾಡಿಕೊಂಡು ಫಾಯ್ ಬಾಗಿಲಿಗೆ ಬರುತ್ತಾನೆ. ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜ್ ಹಾಕಿಸಿಕೊಂಡು ಮತ್ತದೇ ಮಾತು ಹೇಳುತ್ತಾನೆ: ‘ಮತ್ತೆ ಮೊದಲಿಂದ ಶುರು ಮಾಡೋಣ.’ ಚಿತ್ರಕ್ಕೆ ಬಣ್ಣ ಬರುವುದು ಆಗ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಇಬ್ಬರೂ ಒಂದೇ ಸಿಗರೇಟು ಹಂಚಿಕೊಳ್ಳುತ್ತಾರೆ. ಬ್ಯಾಂಡೇಜಿನ ಕೈಯವನು ಇವನ ಭುಜಕ್ಕೆ ತಲೆ ಇಡುತ್ತಾನೆ. ಫಾಯ್ ಮುಖದಲ್ಲಿ ಸಂತೋಷವೂ ಇದೆ, ಮತ್ತೆ ಸಿಕ್ಕಿಬಿದ್ದೆ ಅನ್ನುವ ಸೋಲೂ ಇದೆ.

ಕಪ್ಪು ಬಿಳುಪು ಅಂದರೆ ಹಳೆಯ ನೆನಪು, ಬಣ್ಣ ಅಂದರೆ ಈಗ ಅಂತ ಸುಲಭ ಸೂತ್ರ ಹಾಕಲು ಹೋದರೆ ಈ ಚಿತ್ರದಲ್ಲಿ ಕೈ ಹತ್ತುವುದಿಲ್ಲ. ನನಗೆ ಅನ್ನಿಸುವುದು ಇಷ್ಟು: ಫಾಯ್ ಮನಸ್ಸಿನ ಬಾಗಿಲು ಮುಚ್ಚಿದ್ದಾಗ ಬಣ್ಣ ಇಲ್ಲ, ತೆರೆದಾಗ ಇದೆ. ಬಂದ ಬಣ್ಣವೂ ಹಿತವಾದದ್ದಲ್ಲ. ಕೊಳೆತ ಹಳದಿ, ಪಾಚಿ ಹಸಿರು, ಉರಿಯುವ ಕೆಂಪು. ಚಿತ್ರ ಕಾಳುಕಾಳಾಗಿ, ಜ್ವರ ಬಂದವರ ಕಣ್ಣಿನಿಂದ ನೋಡಿದ ಹಾಗೆ ಇರುತ್ತದೆ.

ಈಗ ಚಿತ್ರದ ಹೃದಯಕ್ಕೆ ಬರೋಣ. ಅದು ಒಂದು ಬಾಡಿಗೆ ಕೋಣೆ. ಒಂದು ಮಂಚ, ಒಂದು ಸೋಫಾ, ಗೋಡೆ ತುಂಬಾ ಹೂವಿನ ಕಾಗದ, ಒಂದು ಕನ್ನಡಿ, ಆ ಲ್ಯಾಂಪ್. ಮಂಚ ಪೋ-ವಿಂಗ್‌ಗೆ, ಸೋಫಾ ಫಾಯ್‌ಗೆ. ಫಾಯ್ ಅವನಿಗೆ ಊಟ ಮಾಡಿಸುತ್ತಾನೆ, ಮೈ ಒರೆಸುತ್ತಾನೆ. ಒಂದು ದಿನ ಚಳಿಯಲ್ಲಿ ಹೊರಗೆ ನಡೆದಾಡಿ ಬಂದು ಫಾಯ್‌ಗೇ ಜ್ವರ ಹತ್ತುತ್ತದೆ. ಅವನು ಮಲಗಿದ್ದರೆ ಪೋ-ವಿಂಗ್ ಬಂದು ಹಸಿವಾಗುತ್ತಿದೆ, ಅಡುಗೆ ಮಾಡು ಅನ್ನುತ್ತಾನೆ. ಕಾಯಿಲೆಯವನ ಕೈಲಿ ಅಡುಗೆ ಮಾಡಿಸುತ್ತೀಯಾ ಅಂತ ಫಾಯ್ ಕೂಗಾಡುತ್ತಾನೆ. ಮುಂದಿನ ಶಾಟ್‌ನಲ್ಲಿ ಕಂಬಳಿ ಹೊದ್ದುಕೊಂಡು ಒಲೆ ಮುಂದೆ ನಿಂತಿರುತ್ತಾನೆ. ಪ್ರೀತಿಯಲ್ಲಿ ಬಿದ್ದವರ ಬಗ್ಗೆ ಎಷ್ಟೋ ಮಾತು ಹೇಳಬಹುದು. ಆ ಕಂಬಳಿಯ ಬೆನ್ನು ಎಲ್ಲವನ್ನೂ ಹೇಳುತ್ತದೆ.

ಅದೇ ದಿನಗಳಲ್ಲಿ ಇಬ್ಬರೂ ಹಂಚಿಕೊಂಡ ಅಡುಗೆಮನೆಯಲ್ಲಿ ಟ್ಯಾಂಗೋ ಕುಣಿಯುತ್ತಾರೆ. ಪೋ-ವಿಂಗ್ ಹೇಳಿಕೊಡುತ್ತಾನೆ, ಫಾಯ್ ತಡವರಿಸುತ್ತಾ ಕಲಿಯುತ್ತಾನೆ. ಅರ್ಜೆಂಟೀನಾದ ಆಸ್ಟರ್ ಪಿಯಾಜೊಲ್ಲಾ ಅವರ ಸಂಗೀತ ನಿಧಾನಕ್ಕೆ ಏರುತ್ತದೆ. ಹೆಜ್ಜೆಗಳು ನಿಂತು ಹೋಗುತ್ತವೆ, ಅಪ್ಪುಗೆ ಉಳಿಯುತ್ತದೆ. ಟ್ಯಾಂಗೋ ಅಂದರೇನೇ ಒಬ್ಬರನ್ನೊಬ್ಬರು ಹತ್ತಿರ ಎಳೆದುಕೊಳ್ಳುವುದು, ದೂಡುವುದು, ಮತ್ತೆ ಎಳೆದುಕೊಳ್ಳುವುದು. ಆ ಒಂದೆರಡು ನಿಮಿಷ ಅವರಿಬ್ಬರ ನಡುವೆ ದೂಡುವುದು ಮಾತ್ರ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೊದಲ ನೋಟಕ್ಕೆ ಪೋ-ವಿಂಗ್ ಕೆಟ್ಟವನು, ಫಾಯ್ ಪಾಪದವನು ಅನ್ನಿಸುತ್ತದೆ, ಅಲ್ವಾ? ಪೋ-ವಿಂಗ್ ಹಠಮಾರಿ, ಸ್ವಾರ್ಥಿ, ಬೇರೆಯವರ ಬೆನ್ನು ಹತ್ತುವವನು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಥೆ ಹೇಳುತ್ತಿರುವವನು ಫಾಯ್. ಹೆಚ್ಚುಕಡಿಮೆ ಪೂರ್ತಿ ಚಿತ್ರದಲ್ಲಿ ನಮಗೆ ಕೇಳುವುದು ಅವನ ಮನಸ್ಸಿನ ಮಾತು. ಅಂಥವನೇ ಒಂದು ಗುಟ್ಟು ಬಾಯಿಬಿಡುತ್ತಾನೆ: ಅವನು ಬೇಗ ಗುಣವಾಗಲಿ ಅಂತ ನನಗೆ ಅನ್ನಿಸಲೇ ಇಲ್ಲ, ಅವನು ಕಾಯಿಲೆ ಬಿದ್ದಿದ್ದ ದಿನಗಳೇ ನಮ್ಮ ಅತಿ ಸುಖದ ದಿನಗಳು. ಪೋ-ವಿಂಗ್‌ನ ಕೈಗಳು ಕೆಲಸ ಮಾಡದೆ ಇರುವವರೆಗೆ ಅವನು ಎಲ್ಲೂ ಹೋಗಲಾರ. ಕೈ ವಾಸಿಯಾಗುತ್ತಾ ಬಂದಾಗ ಅವನು ಸಿಗರೇಟು ತರುವ ನೆಪದಲ್ಲಿ ಹೊರಗೆ ಹೋಗಲು ಶುರು ಮಾಡುತ್ತಾನೆ. ಫಾಯ್ ಏನು ಮಾಡುತ್ತಾನೆ ಗೊತ್ತಾ? ಕಂತೆಗಟ್ಟಲೆ ಸಿಗರೇಟು ಪ್ಯಾಕು ತಂದು ಕೋಣೆಯಲ್ಲಿ ಜೋಡಿಸಿಡುತ್ತಾನೆ. ಇನ್ನು ಹೊರಗೆ ಹೋಗಲು ಕಾರಣವೇ ಇರಬಾರದು ಅಂತ.

ಅಷ್ಟಕ್ಕೇ ನಿಲ್ಲುವುದಿಲ್ಲ. ಅವನ ಪಾಸ್‌ಪೋರ್ಟ್ ಬಚ್ಚಿಡುತ್ತಾನೆ. ಪೋ-ವಿಂಗ್ ಕೋಣೆಯೆಲ್ಲ ಜಾಲಾಡುತ್ತಾನೆ, ಬಡಿದಾಡುತ್ತಾನೆ, ಕೊಡು ಅಂತ ಬೇಡುತ್ತಾನೆ. ಕೊಡುವುದಿಲ್ಲ ಅನ್ನುತ್ತಾನೆ ಫಾಯ್. ಪರದೇಶದಲ್ಲಿ ಒಬ್ಬನ ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು ಅಂದರೆ ಅವನು ಮನೆಗೆ ಹೋಗುವ ದಾರಿಯನ್ನೇ ಕಿತ್ತುಕೊಳ್ಳುವುದು. ಒಬ್ಬನು ಬಿಟ್ಟು ಬಿಟ್ಟು ಹೋಗಿ ನೋಯಿಸುತ್ತಾನೆ, ಇನ್ನೊಬ್ಬನು ಬಿಡದೆ ಹಿಡಿದು ನೋಯಿಸುತ್ತಾನೆ. ಈ ಎರಡನೆಯದು ಆರೈಕೆಯ ವೇಷದಲ್ಲಿ ಬರುವುದರಿಂದ ನಮಗೆ ತಡವಾಗಿ ಕಾಣುತ್ತದೆ. ಚಿತ್ರದ ಪ್ರಾಮಾಣಿಕತೆ ಇರುವುದು ಅದನ್ನು ಫಾಯ್ ಬಾಯಿಂದಲೇ ಹೇಳಿಸುವುದರಲ್ಲಿ.

ಪಾಸ್‌ಪೋರ್ಟ್ ಮಾತು ಬಂದಾಗ ಚಿತ್ರದ ಮೊಟ್ಟಮೊದಲ ಚಿತ್ರಿಕೆಗಳನ್ನು ನೆನಪು ಮಾಡಿಕೊಳ್ಳಬೇಕು. ತೆರೆಯ ಮೇಲೆ ಬರುವುದು ಮನುಷ್ಯರ ಮುಖವಲ್ಲ, ಅವರಿಬ್ಬರ ಬ್ರಿಟಿಷ್ ಪಾಸ್‌ಪೋರ್ಟ್‌ಗಳು, ಅವುಗಳ ಮೇಲೆ ಬೀಳುವ ಮುದ್ರೆ. ಚಿತ್ರ ಹಾಂಗ್‌ಕಾಂಗ್‌ನಲ್ಲಿ ಬಿಡುಗಡೆ ಆಗಿದ್ದು 1997ರ ಮೇ ತಿಂಗಳ ಕೊನೆಗೆ. ಒಂದು ತಿಂಗಳ ನಂತರ, ಜುಲೈ 1ರಂದು, ಒಂದೂವರೆ ಶತಮಾನ ಬ್ರಿಟಿಷರ ಕೈಲಿದ್ದ ಹಾಂಗ್‌ಕಾಂಗ್ ಚೀನಾಕ್ಕೆ ಸೇರಿತು. ಆ ವರ್ಷಗಳಲ್ಲಿ ಅಲ್ಲಿ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಮುಂದೆ ನಾವು ಯಾರು? 1997ರ ಬಗ್ಗೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲೆಂದೇ ಅಷ್ಟು ದೂರ ಹೋಗಿದ್ದಾಗಿ, ಆದರೂ ತಪ್ಪಿಸಿಕೊಳ್ಳಲು ಆಗಲಿಲ್ಲವೆಂದು ವಾಂಗ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಹಾಗಂತ ಫಾಯ್ ಅಂದರೆ ಹಾಂಗ್‌ಕಾಂಗ್, ಪೋ-ವಿಂಗ್ ಅಂದರೆ ಇನ್ಯಾವುದೋ ದೇಶ ಅಂತ ಬಿಡಿಸಿ ಹೇಳುವ ವಿಮರ್ಶೆ ನನಗೆ ಇಷ್ಟವಿಲ್ಲ. ಇಬ್ಬರು ಗಂಡಸರ ಪ್ರೀತಿಯನ್ನು ರಾಜಕೀಯದ ರೂಪಕವಾಗಿ ಮಾಡಿಬಿಟ್ಟರೆ ಆ ಪ್ರೀತಿಯನ್ನು ಮತ್ತೊಮ್ಮೆ ಮುಚ್ಚಿಟ್ಟ ಹಾಗೆ. ಹಾಂಗ್‌ಕಾಂಗ್‌ನಲ್ಲಿ ವಯಸ್ಕ ಗಂಡಸರ ನಡುವಿನ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಕಾನೂನು ಬದಲಾಗಿದ್ದೇ 1991ರಲ್ಲಿ. ಆರು ವರ್ಷಗಳ ನಂತರ ಬಂದ ಈ ಚಿತ್ರ, ಅವರು ಯಾಕೆ ಹಾಗೆ ಅಂತ ಎಲ್ಲೂ ಕೇಳುವುದಿಲ್ಲ. ಯಾರೂ ಅವರನ್ನು ‘ಪತ್ತೆ’ ಹಚ್ಚುವುದಿಲ್ಲ, ಯಾರ ಎದುರೂ ಅವರು ಒಪ್ಪಿಕೊಳ್ಳುವ ದೃಶ್ಯ ಇಲ್ಲ. ಕಥೆ ಶುರುವಾಗುವುದೇ ಅವರು ಒಂದೇ ಹಾಸಿಗೆಯಲ್ಲಿ ಇರುವಲ್ಲಿಂದ. ಅವರ ತೊಂದರೆ ಅವರು ಗಂಡಸರು ಅನ್ನುವುದಲ್ಲ. ಜೊತೆಗೆ ಇರಲೂ ಆಗದು, ಬಿಟ್ಟಿರಲೂ ಆಗದು ಅನ್ನುವುದು. ಪೋ-ವಿಂಗ್ ಪಾತ್ರ ಮಾಡಿದ ಲೆಸ್ಲಿ ಚ್ಯುಂಗ್ ತಮ್ಮ ಜೀವನದಲ್ಲೂ ಗಂಡಸನ್ನು ಪ್ರೀತಿಸಿದವರು, ಅದನ್ನು ಆ ಕಾಲದಲ್ಲೇ ಮರೆಮಾಚದೆ ಬದುಕಲು ಹೊರಟವರು. 2003ರ ಏಪ್ರಿಲ್ 1ರಂದು, 46ನೇ ವಯಸ್ಸಿಗೆ ಅವರು ತೀರಿಕೊಂಡರು. ಇವತ್ತು ಈ ಚಿತ್ರ ನೋಡುವಾಗ ಆ ನೋವನ್ನು ಬದಿಗಿಡಲು ನನ್ನಿಂದ ಆಗುವುದಿಲ್ಲ.

ಪೋ-ವಿಂಗ್ ಹೊರಟು ಹೋದ ಮೇಲೆ ಚಿತ್ರದೊಳಗೆ ಮೂರನೆಯವನು ಗಟ್ಟಿಯಾಗಿ ಕಾಲೂರುತ್ತಾನೆ. ಫಾಯ್ ಒಂದು ಚೀನೀ ರೆಸ್ಟೊರೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ಅಲ್ಲಿ ಪಾತ್ರೆ, ಹಬೆ, ಗದ್ದಲದ ನಡುವೆ ಚಾಂಗ್ ಅನ್ನುವ ತೈವಾನ್ ಹುಡುಗ ಇದ್ದಾನೆ. ಆ ಪಾತ್ರ ಚಾಂಗ್ ಚೆನ್ ಅವರದು. ಅವನಿಗೆ ಚಿಕ್ಕಂದಿನಲ್ಲಿ ಕಣ್ಣಿನ ತೊಂದರೆ ಇತ್ತಂತೆ, ಅದಕ್ಕೇ ಕಿವಿ ಚುರುಕು. ಫೋನಿನಲ್ಲಿ ಮಾತಾಡುವ ಫಾಯ್ ದನಿ ಕೇಳಿಯೇ ಅವನ ಸುಖ ದುಃಖ ಗೊತ್ತಾಗುತ್ತದೆ. ಇವರ ನಡುವೆ ಪ್ರೀತಿ ಇದೆಯಾ, ಸ್ನೇಹವಾ? ಚಿತ್ರ ಹೇಳುವುದಿಲ್ಲ, ನಾವೂ ಬಲವಂತ ಮಾಡಬೇಕಿಲ್ಲ. ಬಿಸಿಲಿನಲ್ಲಿ ಗಲ್ಲಿಯಲ್ಲಿ ಅಡುಗೆಯವರೆಲ್ಲ ಫುಟ್‌ಬಾಲ್ ಆಡುವ ದೃಶ್ಯ ಬರುತ್ತದೆ. ಇಡೀ ಚಿತ್ರದಲ್ಲಿ ಫಾಯ್ ಸರಿಯಾಗಿ ಉಸಿರಾಡುವುದು ಅಲ್ಲೇ ಅನ್ನಿಸುತ್ತದೆ.

ಚಾಂಗ್ ದಕ್ಷಿಣದ ತುದಿಯ ಉಶುವಾಯಾ ಊರಿಗೆ ಹೊರಡುತ್ತಾನೆ. ಅಲ್ಲೊಂದು ದೀಪಸ್ತಂಭ ಇದೆ, ಪ್ರೀತಿಯಲ್ಲಿ ನೊಂದವರು ತಮ್ಮ ದುಃಖವನ್ನು ಅಲ್ಲಿ ಬಿಟ್ಟು ಬರುತ್ತಾರೆ ಅಂತ ಕೇಳಿದ್ದಾನೆ. ಹೊರಡುವ ಮುಂಚೆ ಬಾರಿನಲ್ಲಿ ಫಾಯ್ ಮುಂದೆ ಒಂದು ಪುಟ್ಟ ಟೇಪ್ ರೆಕಾರ್ಡರ್ ಇಡುತ್ತಾನೆ. ನಿನಗೆ ಹೇಳಬೇಕು ಅನ್ನಿಸಿದ್ದನ್ನು ಹೇಳು, ನಾನು ಅಲ್ಲಿ ಬಿಟ್ಟು ಬರುತ್ತೇನೆ ಅನ್ನುತ್ತಾನೆ. ಆಮೇಲೆ ಎದ್ದು ಕುಣಿಯಲು ಹೋಗುತ್ತಾನೆ. ಫಾಯ್ ರೆಕಾರ್ಡರನ್ನು ಬಾಯಿಯ ಹತ್ತಿರ ಹಿಡಿಯುತ್ತಾನೆ. ಮಾತು ಬರುವುದಿಲ್ಲ. ಮುಖ ಮುಚ್ಚಿಕೊಂಡು ಅಳುತ್ತಾನೆ. ಟೋನಿ ಲಿಯುಂಗ್ ಅವರ ಈ ಒಂದು ದೃಶ್ಯಕ್ಕಾಗಿಯಾದರೂ ಚಿತ್ರ ನೋಡಬೇಕು. ಮುಂದೆ ಚಾಂಗ್ ಆ ದೀಪಸ್ತಂಭದ ಮೇಲೆ ನಿಂತು ಟೇಪ್ ಹಾಕಿ ಕೇಳಿದಾಗ ಅದರಲ್ಲಿ ಮಾತೇ ಇರುವುದಿಲ್ಲ. ಎರಡು ವಿಚಿತ್ರ ಸದ್ದು ಮಾತ್ರ, ಯಾರೋ ಬಿಕ್ಕಿದ ಹಾಗೆ. ಚುರುಕು ಕಿವಿಯ ಹುಡುಗನಿಗೆ ಅಷ್ಟು ಸಾಕು.

ಗಮನಿಸಿ, ಚಾಂಗ್‌ಗೂ ಪೋ-ವಿಂಗ್‌ಗೂ ವ್ಯತ್ಯಾಸ ಇರುವುದು ಎಲ್ಲಿ ಅಂತ. ಚಾಂಗ್ ಕೂಡ ಮನೆ ಬಿಟ್ಟು ಬಂದವನೇ, ಅವನೂ ಅಲೆಮಾರಿ. ಆದರೆ ಅವನಿಗೆ ಹಿಂದಿರುಗಲು ಜಾಗ ಇದೆ. ಅವನು ಯಾರಿಗೂ ‘ಮೊದಲಿಂದ ಶುರು ಮಾಡೋಣ’ ಅನ್ನುವುದಿಲ್ಲ.

ಫಾಯ್ ಮುಂದೆ ಕಸಾಯಿಖಾನೆಯಲ್ಲಿ ರಾತ್ರಿ ಪಾಳಿಗೆ ಸೇರುತ್ತಾನೆ. ದುಡ್ಡು ಜಾಸ್ತಿ, ಮತ್ತೆ ಆ ಹೊತ್ತು ಹಾಂಗ್‌ಕಾಂಗ್‌ನ ಹೊತ್ತಿಗೆ ಹೊಂದುತ್ತದೆ. ಪೈಪಿನಿಂದ ನೀರು ಬಿಟ್ಟು ನೆಲದ ರಕ್ತ ತೊಳೆಯುತ್ತಾನೆ, ಅದು ಮತ್ತೆ ಹರಿದು ಬರುತ್ತದೆ. ಒಂಟಿತನ ತಾಳದೆ ಸಿನಿಮಾ ಮಂದಿರದ ಕತ್ತಲಲ್ಲಿ, ಸಾರ್ವಜನಿಕ ಶೌಚಾಲಯದಲ್ಲಿ ಅಪರಿಚಿತರನ್ನು ಹುಡುಕುತ್ತಾನೆ. ಆಗ ಅವನಿಗೆ ತಿಳಿಯುತ್ತದೆ: ನಾನು ಪೋ-ವಿಂಗ್‌ಗಿಂತ ಬೇರೆ ಅಂದುಕೊಂಡಿದ್ದೆ, ಒಂಟಿಯಾದರೆ ಎಲ್ಲರೂ ಒಂದೇ. ಅಪ್ಪನಿಗೆ ಒಂದು ಉದ್ದದ ಪತ್ರ ಬರೆಯುತ್ತಾನೆ. ಅಪ್ಪನ ಸ್ನೇಹಿತರ ಬಳಿ ಕೆಲಸ ಮಾಡುತ್ತಿದ್ದಾಗ ಅವನು ದುಡ್ಡು ಕದ್ದು ಬಂದಿದ್ದ. ಆ ಪತ್ರದ ಕೊನೆಯಲ್ಲಿ ಅವನೂ ಅಪ್ಪನನ್ನು ಕೇಳುವುದು ಮತ್ತೆ ಮೊದಲಿಂದ ಶುರು ಮಾಡುವ ಅವಕಾಶವನ್ನೇ. ಮಾತು ಅದೇ, ಈ ಸಲ ಕೇಳುವವನು ಬೇರೆ. ಪೋ-ವಿಂಗ್ ಬಾಯಲ್ಲಿ ಆ ಮಾತು ಎಲ್ಲವನ್ನೂ ಮರೆತುಬಿಡೋಣ ಅನ್ನುತ್ತಿತ್ತು. ಫಾಯ್ ತಾನು ಮಾಡಿದ್ದನ್ನು ನೆನಪಿಟ್ಟುಕೊಂಡು ಕೇಳುತ್ತಿದ್ದಾನೆ.

ಕೊನೆಗೆ ಫಾಯ್ ಒಬ್ಬನೇ ಇಗುವಾಸುವಿಗೆ ಹೋಗುತ್ತಾನೆ. ಮುಖದ ಮೇಲೆಲ್ಲ ನೀರಿನ ಹನಿ. ಇಲ್ಲಿ ಇಬ್ಬರು ನಿಂತಿರಬೇಕಿತ್ತು ಅಂತ ಅವನಿಗೆ ಅನ್ನಿಸುತ್ತದೆ. ಅದೇ ಹೊತ್ತಿಗೆ ಪೋ-ವಿಂಗ್ ಆ ಹಳೆಯ ಕೋಣೆಯನ್ನು ತಾನೇ ಬಾಡಿಗೆಗೆ ಹಿಡಿದಿದ್ದಾನೆ. ನೆಲ ಒರೆಸುತ್ತಾನೆ. ಸಿಗರೇಟು ಪ್ಯಾಕುಗಳನ್ನು ಜೋಡಿಸುತ್ತಾನೆ, ಫಾಯ್ ಜೋಡಿಸಿಟ್ಟ ಹಾಗೇ. ಕೆಟ್ಟುಹೋದ ಲ್ಯಾಂಪ್ ರಿಪೇರಿ ಮಾಡುತ್ತಾನೆ. ಅದು ಉರಿಯುತ್ತದೆ, ಕಾಗದದ ನೀರು ಸುರಿಯುತ್ತದೆ. ಕಂಬಳಿ ಅಪ್ಪಿಕೊಂಡು ಅಳುತ್ತಾನೆ. ಒಬ್ಬನಿಗೆ ನಿಜವಾದ ಜಲಪಾತ, ಒಬ್ಬನಿಗೆ ಲ್ಯಾಂಪಿನ ಜಲಪಾತ. ಯಾರು ಜಾಸ್ತಿ ಒಂಟಿ ಅಂತ ತೂಗಲು ನನಗೆ ಆಗಿಲ್ಲ.

ಫಾಯ್ ಊರಿಗೆ ಹೋಗುವ ದಾರಿಯಲ್ಲಿ ತೈವಾನ್‌ನ ರಾಜಧಾನಿ ತೈಪೆಯಲ್ಲಿ ಇಳಿಯುತ್ತಾನೆ. ಹೋಟೆಲಿನ ಟಿವಿಯಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ತೀರಿಕೊಂಡ ಸುದ್ದಿ. ಅಂದರೆ ಅದು 1997ರ ಫೆಬ್ರವರಿ. ಸಂಜೆ ಲಿಯಾವೊನಿಂಗ್ ಬೀದಿಯ ರಾತ್ರಿ ಮಾರುಕಟ್ಟೆಗೆ ಹೋಗುತ್ತಾನೆ. ಚಾಂಗ್‌ನ ಅಪ್ಪ ಅಮ್ಮ ಅಲ್ಲಿ ತಿಂಡಿ ಅಂಗಡಿ ಇಟ್ಟಿದ್ದಾರೆ. ಗೋಡೆಗೆ ಚಾಂಗ್ ಫೋಟೋ ಸಿಕ್ಕಿಸಿದ್ದಾರೆ, ದೀಪಸ್ತಂಭದ ಹತ್ತಿರ ತೆಗೆದದ್ದು. ಹೋಗುವಾಗ ಫಾಯ್ ಅದನ್ನು ಎತ್ತಿಕೊಳ್ಳುತ್ತಾನೆ. ಚಾಂಗ್ ಯಾಕೆ ಅಷ್ಟು ಸುಲಭವಾಗಿ ಅಲೆದಾಡುತ್ತಾನೆ ಅಂತ ಅವನಿಗೆ ಈಗ ಗೊತ್ತಾಗಿದೆ. ಮತ್ತೆ ಯಾವಾಗ ನೋಡುತ್ತೇನೋ ಗೊತ್ತಿಲ್ಲ, ಆದರೆ ನೋಡಬೇಕು ಅನ್ನಿಸಿದರೆ ಎಲ್ಲಿ ಸಿಗುತ್ತಾನೆ ಅಂತ ಗೊತ್ತು ಅಂದುಕೊಳ್ಳುತ್ತಾನೆ.

ಆಮೇಲೆ ರೈಲು ಹತ್ತುತ್ತಾನೆ. ಅವನು ಹಾಂಗ್‌ಕಾಂಗ್ ಮುಟ್ಟುವುದನ್ನು, ಅಪ್ಪನ ಬಾಗಿಲು ತಟ್ಟುವುದನ್ನು ಚಿತ್ರ ತೋರಿಸುವುದಿಲ್ಲ. 1967ರ ಹಾಡು ‘ಹ್ಯಾಪಿ ಟುಗೆದರ್’, ಇಲ್ಲಿ ಡ್ಯಾನಿ ಚಂಗ್ ದನಿಯಲ್ಲಿ, ಮೊದಲ ಸಲ ಕೇಳಿಸುತ್ತದೆ. ಅಲ್ಲಿಯವರೆಗೂ ಆ ಹೆಸರು ಹಂಗಿಸುವ ಹಾಗಿತ್ತು. ಈಗ ಫಾಯ್ ಒಬ್ಬನೇ ಕೂತಿದ್ದಾನೆ, ಜೇಬಿನಲ್ಲಿ ಒಂದು ಫೋಟೋ. ಕ್ಯಾಮೆರಾ ರೈಲಿನ ಮುಂಭಾಗದಲ್ಲಿದೆ. ತೈಪೆಯ ದೀಪಗಳು ಎರಡೂ ಕಡೆಯಿಂದ ಹಿಂದಕ್ಕೆ ಹರಿಯುತ್ತಿವೆ, ಹಳಿ ಮುಂದಕ್ಕೆ ಬಾಗುತ್ತಿದೆ.